ವಿಮಾನ ಬಂತು ಅಂದ್ರ

ಎಲ್ಲಾರೂ ಕೇಳೂದು ಅದನ್ನ.
ಹಿಂದಿನ ತಗಡು ಬಿಚ್ಚಿ ನಾ ಇನ್ನೂ ಟಾರ್ಚ್ ಹಚ್ಚಿರೂದಿಲ್ಲ,
ಚಹಾದ ಕಪ್ಪು ಹಿಡಕೊಂಡು ಬಾಗಲದಾಗ ನಿಂತು,
ಕೊಂಕಣಿಯೊಳಗ, ಹಿಂದಿಯೊಳಗ, ನಮ್ಮ ಗದಗಿನ ಮಾತಿನೊಳಗ:
ಎಷ್ಟು ವರ್ಷ ಬಾಳತೈತಿ, ಮಿಸ್ತ್ರಿ, ಇದು?

ಕಂಪನಿ ಪುಸ್ತಕದಾಗ ಹತ್ತು ಅಂತ ಬರದಾರ.
ಬರದಾಂವ ವಾಸ್ಕೊ ನೋಡಿರಾಕಿಲ್ಲ.
ಇಲ್ಲಿ ಗಾಳಿಗೆ ಉಪ್ಪು, ಟ್ಯಾಂಕರ್ ನೀರಿಗೆ ಕೆಂಪು,
ಬಂದರದಾಗ ಕಲ್ಲಿದ್ದಲು ಇಳಿಸಿದ ದಿನ
ಒಗದು ಹಾಕಿದ ಬಿಳಿ ಚಾದರ
ಸಂಜಿಗೆ ಬೂದಿಬಣ್ಣ ಆಗಿ ಒಳಗ ಬರತಾವ.
ಮತ್ತ ಒಗಿ. ಒಂದ ಅರಿವಿಗೆ ಎರಡು ಸಲ.
ಹಂಗಾರ ಹತ್ತರ ಲೆಕ್ಕ ಐದಕ್ಕ ಬಂತು.
ಒಂದು ಮನಿಯಾಗ ನಾಕಕ್ಕ ಹೋತು:
ಹುಡುಗ ಫುಟ್ಬಾಲ್ ಬೂಟು ಒಗೀತಿದ್ದ, ಮಳಿ ಸಹಿತ, ಮಣ್ಣು ಸಹಿತ.
ನಾ ಯಾವ ಲೆಕ್ಕಾನೂ ಹೇಳೂದಿಲ್ಲ.
ನೋಡೋಣ ಬಾಯಿ, ಅಂತೀನಿ.

ಸಾಯೂದು ಮೊದಲು ಕಿವಿಗೆ ಗೊತ್ತಾಗತೈತಿ.
ಹಿಂಡೂ ಹೊತ್ತಿನ್ಯಾಗ ಬೇರಿಂಗ್ ಕೂಗತೈತಿ:
ಮೊದಲ ಒಂದು ದುಂಬಿ,
ಆಮ್ಯಾಲ ಜ್ವಾಳ ಬೀಸೂ ಕಲ್ಲು,
ಕಡೀಕ ದಾಬೋಳಿಯೊಳಗ ಇಳಿಯೂ ವಿಮಾನ.
ವಿಮಾನ ಬಂತು ಅಂದ್ರ ಮಶೀನ್ ಹೋತು.

ಚಿಕಾಲಿಯ ಎಸ್ಪೆರಾನ್ಸಾ ಬಾಯಿದು ಹದಿನೇಳು ವರ್ಷದ್ದು.
ಮೂರು ಖೋಲಿ, ಹಡಗಿನ ಕೆಲಸ ಕಲಿಯೂ ಹುಡುಗರಿಗೆ ಬಾಡಿಗಿ,
ದಿನಕ್ಕ ಆರು ಚಾದರ.
ಎರಡು ಪಂಪು, ಒಂದು ಬೆಲ್ಟು, ಒಂದು ಬೋರ್ಡು ಹಾಕೀನಿ.
ಹಳೇ ಬೋರ್ಡಿನ್ಯಾಗ ಹಲ್ಲಿ ಸುಟ್ಟು ಕುಂತಿತ್ತು,
ನಾಕೂ ಕಾಲು ಚಾಚಿ.
ಫಿಲ್ಟರ್ ಬಿಚ್ಚಿದರ ಪ್ರತಿ ಸಲ ಒಂದು ಸಂತಿ:
ಗುಂಡಿ, ಎರಡ ರೂಪಾಯಿ, ಯಾವದೋ ದೇಶದ ನಾಣ್ಯ,
ಜಪಮಾಲಿಯ ಹನ್ನೊಂದು ಮಣಿ.
ಮಣಿ ಎಣಿಸಿ ಆಕಿ ಕೈಯಾಗ ಇಟ್ಟೆ.
ಹೊಸಾದು ತಗೋರಿ ಅಂದೆ, ನಿಜಾನ ಅಂದೆ,
ಕಮಿಷನ್ನಿನ ಆಸೇಕ ಅಲ್ಲ.
ತುಸು ಆಸೇಕೂ.
ಬಾಯಿ ನಕ್ಕಳು: ನನಗಿಂತ ಒಂದು ದಿನ ಹೆಚ್ಚಿಗಿ ಬಾಳಲಿ,
ಕಡೀ ಚಾದರ ಯಾರಾರ ಒಗೀಬೇಕಲ್ಲಾ.

ಇನ್ನ ನಮ್ಮ ಮನೀದು,
ಝುವಾರಿನಗರದ ಗುಡ್ಡದ ಮ್ಯಾಲ, ತಗಡಿನ ಕೆಳಗ.
ಮೂರು ಸತ್ತ ಮಶೀನ್ ಕೂಡಿಸಿ ಒಂದು ಮಾಡೀನಿ:
ಮೋಟಾರು ಪೊಲೀಸ್ ಕ್ವಾರ್ಟರ್ಸಿಂದು,
ಡ್ರಮ್ಮು ಬೈನಾದ ಲಾಜಿನದು,
ಮುಚ್ಚಳ ಒಬ್ಬ ಡಾಕ್ಟರಂದು, ಇನ್ನೂ ಹೊಳಿತೈತಿ.
ನಳ ಬರೂದು ನಸಿಕಿನ್ಯಾಗ ನಾಕಕ್ಕ, ನಲವತ್ತು ನಿಮಿಷ.
ಅದಕ್ಕ ನೀರಿನ ಪೈಪು ಹಚ್ಚೇ ಇಲ್ಲ;
ಇಂದ್ರವ್ವ ಕೊಡದಿಂದ ಸುರುವತಾಳ,
ಎಮ್ಮಿಗೆ ಕಲಗಚ್ಚು ಹಾಕಿದಂಗ, ಬೈಕೋಂತ.
ಹಿಂಡೂ ಹೊತ್ತಿಗೆ ಅದು ನಡಕೋಂತ ಬಾಗಲ ತನಕ ಬರತೈತಿ.
ಆಕಿ ಹೋಗಿ ಮ್ಯಾಲ ಕುಂದರತಾಳ, ಬೆಳ್ಳುಳ್ಳಿ ಸುಲಕೋಂತ.
ಅರವತ್ತೆರಡು ಕಿಲೋ. ಸುಮ್ಮನ ನಿಂದರತೈತಿ.

ಎಂಟು ವರ್ಷ ಆಕಿ ಬೈನಾದ ಮನಿಮನಿಯಾಗ ಅರಿವಿ ಒಗದಾಕಿ.
ಬೆರಳ ಸಂದಿಯ ಬಿರುಕು ಇನ್ನೂ ಸೋಪು ಕಂಡ್ರ ಉರಿತಾವ.
ಆ ಮನಿಗೋಳಿಗೆ ಒಂದೊಂದ ಮಶೀನ್ ಬಂದುವು,
ಆಕಿ ಕೆಲಸ ಹೋತು.
ಅವ ಮಶೀನ್ ಕೆಟ್ಟುವು,
ನನಗ ಕೆಲಸ ಬಂತು.
ಇದನ್ನ ನಾವು ಜಗಳ ಆದಾಗ ಅಷ್ಟ ತಗೀತೀವಿ.

ಮೊನ್ನೆ ರಾತ್ರಿ ಆಕೀನೂ ಕೇಳಿದಳು.
ದೀಪ ಆರಿಸಿ, ಗ್ವಾಡಿ ಕಡೆ ಮಾರಿ ಮಾಡಿ:
ಎಷ್ಟು ವರ್ಷ ಬಾಳತೈತಿ, ನಮ್ಮದು?
ಮೋಟಾರಿಗೆ ಒಂಬತ್ತು ಆಗ್ಯಾವ, ಡ್ರಮ್ಮಿಗೆ ಹದಿಮೂರು,
ಮುಚ್ಚಳದ ವಯಸ್ಸು ಡಾಕ್ಟರ್ ಹೇಳಲಿಲ್ಲ.
ಯಾವುದರಿಂದ ಎಣಿಸಲಿ? ಅಂದೆ.

ಆಕಿ ವಿಚಾರ ಮಾಡಿದಳು. ಭಾಳ ಹೊತ್ತು.
ಮ್ಯಾಲ ಖರೇನ ಒಂದು ವಿಮಾನ ಹಾದು ಹೋತು.
ಎಣಿಸಬ್ಯಾಡ, ಅಂದಳು.
ಎಡಗಾಲಿನ ಬುಡಕ್ಕ ಒಂದು ಇಟ್ಟಂಗಿ ಚೂರು ಇಡು,
ಅಲ್ಲಾಡಾಕತ್ತೈತಿ.